ಎರಡು ಗಂಟೆಯ ನಾಡಿ

ಮನೆಯಿಂದ,
ತಾರೀಖು ೯, ಶನಿವಾರ, ಬೆಳಗ್ಗೆ ಒಂಬತ್ತೂವರೆ

ಪ್ರೀತಿಯ ಕಡ್ಡಿ,

ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವವಳಲ್ಲ, ಆದರೂ ಕಾಗದದ ಮರ್ಯಾದೆಗೆ ಬರೆದಿದ್ದೇನೆ. ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ತಾನಿದ್ದೇನೆ ಎಂದು ನೆನಪಿಸುತ್ತದೆ. ನಿನ್ನ ಹಿಮ್ಮಡಿ ನೋವು ಹೇಗಿದೆ? ಬಿಸಿನೀರಿಗೆ ಉಪ್ಪು ಹಾಕಿ ಹತ್ತು ನಿಮಿಷ ಕಾಲು ಇಳಿಬಿಟ್ಟು ಕೂತುಕೋ ಅಂದಿದ್ದೆ, ಕೂತಿರಲಾರೆ. ನೀನು ಊಟ ಬಿಟ್ಟಿದ್ದೀಯೆಂದು ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿಯೇ ಗೊತ್ತಾಯಿತು. ಮೊದಲೇ ಕಡ್ಡಿ ಅಂತ ಹೆಸರಿಟ್ಟುಕೊಂಡವಳು, ಇನ್ನೂ ಸಣ್ಣಗಾದರೆ ಕರೆಯುವುದಕ್ಕೆ ಹೆಸರು ಎಲ್ಲಿಂದ ತರಲಿ? ಏನೇ ಬರಲಿ, ಎರಡು ಹೊತ್ತು ತಿನ್ನು. ಹಸಿದ ಹೊಟ್ಟೆಯಲ್ಲಿ ವಿಚಾರಣೆಗೆ ಹೋದವರು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟು ಬರುತ್ತಾರೆ.

ಇಲ್ಲಿ ಹೊಸದೇನೂ ಇಲ್ಲ. ಪಕ್ಕದ ಮನೆಯ ದರ್ಜಿ ದಿನಾ ಬೆಳಗ್ಗೆ ಬಂದು ತೋಳು ಚಾಚುತ್ತಾನೆ. ಬಿಪಿ ಸರಿಯಿದೆ ಅಂದರೆ ಅವನಿಗೆ ಬೇಜಾರು, ಸ್ವಲ್ಪ ಜಾಸ್ತಿ ಅಂದರೆ ಹೆಂಡತಿಗೆ ಹೇಳಿಕೊಳ್ಳಲು ಒಂದು ವಿಷಯ ಸಿಕ್ಕಿತೆಂದು ಖುಷಿ. ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಅಂಕಿ ಬರೆದಿಡುತ್ತೇನೆ. ನೋಡಿದ ಮೇಲೆಯೇ ಬರೆಯುತ್ತೇನೆ. ನಿವೃತ್ತಿಯಾದ ನರ್ಸಿಗೆ ಇದೆಲ್ಲ ಯಾಕೆ ಎಂದು ಅವನು ನಗುತ್ತಾನೆ. ಅವನಿಗೇನು ಗೊತ್ತು.

ಈಗ ಸುತ್ತಿಬಳಸದೆ ವಿಷಯಕ್ಕೆ ಬರುತ್ತೇನೆ. ಮೊನ್ನೆ ಹಾಲು ಉಕ್ಕುತ್ತಿದೆ ಅಂತ ಹೇಳಿ ಫೋನ್ ಇಟ್ಟೆನಲ್ಲ, ಹಾಲು ಉಕ್ಕಿರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ. ನೀನು ಅಳುತ್ತಲೇ, "ನೀನೂ ಹಾಗೇ ರೋಗೀನ ನೋಡೋ ಮುಂಚೇನೇ ಚಾರ್ಟು ಅಡ್ವಾನ್ಸ್ ಬರೀತಿದ್ದೆ ಅಲ್ವಾ ಅಮ್ಮಾ? ಚಿಕ್ಕೋಳಿದ್ದಾಗ ಡ್ಯೂಟಿ ರೂಮಲ್ಲಿ ಕೂತು ನಾನೇ ನೋಡಿದೀನಿ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಪಾಡು. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯಲು ಕೂತೆ.

ನೀನು ಹೇಳಿದ್ದನ್ನು ನಾನು ತಿಳಿದುಕೊಂಡ ಹಾಗೆ ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಹೋದ ಸೋಮವಾರ ಹಗಲು ಡ್ಯೂಟಿಯಲ್ಲಿ ಮೂವತ್ತು ಹಾಸಿಗೆಯ ವಾರ್ಡಿಗೆ ನೀವು ಇಬ್ಬರೇ ನರ್ಸುಗಳು. ಹನ್ನೊಂದೂವರೆಗೆ ಇನ್ನೊಬ್ಬಳು ರೋಗಿಯ ಜೊತೆ ಆಪರೇಷನ್ ಥಿಯೇಟರಿಗೆ ಹೋದ ಮೇಲೆ ನೀನು ಒಬ್ಬಳೇ. ಹನ್ನೊಂದನೇ ಹಾಸಿಗೆಯಲ್ಲಿ ನಿವೃತ್ತ ಬಸ್ ಡ್ರೈವರ್, ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆದವರು. ಎರಡು ಗಂಟೆಗೊಮ್ಮೆ ನಾಡಿ, ಬಿಪಿ, ಉಸಿರು ನೋಡಬೇಕೆಂದು ಡಾಕ್ಟರ ಆದೇಶ. ಹನ್ನೆರಡಕ್ಕೆ ನಿಜವಾಗಿಯೇ ನೋಡಿದೆ. ಹನ್ನೆರಡರ ಕಾಲಂ ತುಂಬಿದ ಕೈಯಲ್ಲೇ ಪಕ್ಕದ ಎರಡರ ಕಾಲಮ್ಮನ್ನೂ ತುಂಬಿದೆ. ನಾಡಿ ಎಂಬತ್ತನಾಲ್ಕು, ಬಿಪಿ ನೂರಿಪ್ಪತ್ತು ಎಂಬತ್ತು, ತೊಂದರೆ ಇಲ್ಲ. ಒಂದೂವರೆಗೆ ಹಾಸಿಗೆ ಬಟ್ಟೆ ಬದಲಿಸಲು ಹೋದ ಆಯಾ ಓಡಿ ಬಂದು ನಿನ್ನನ್ನು ಕರೆದಳು. ಒಂದು ನಲವತ್ತಕ್ಕೆ ಡಾಕ್ಟರು ಸಾವಿನ ಸಮಯ ಬರೆದರು. ಅಪ್ಪನ ಕನ್ನಡಕ, ಚಪ್ಪಲಿ ತೆಗೆದುಕೊಳ್ಳಲು ಬಂದ ಡ್ರೈವರರ ಮಗಳು ಮಂಚದ ಕಾಲಿಗೆ ತೂಗುಹಾಕಿದ್ದ ಚಾರ್ಟು ಓದಿದಳು. ಸತ್ತು ಇಪ್ಪತ್ತು ನಿಮಿಷವಾದ ಮನುಷ್ಯನ ನಾಡಿ ಎಂಬತ್ತನಾಲ್ಕು.

ಆಮೇಲಿನದ್ದು ನಿನ್ನ ವಾರ್ಡಿನ ಹಿರಿಯ ಸಿಸ್ಟರ್ ಕೊಟ್ಟ ಬುದ್ಧಿ. ಬಿಳಿ ಚಾರ್ಟು ಒಂದನ್ನು ನಿನ್ನ ಕೈಗಿಟ್ಟು, "ಎಲ್ಲಾ ಹೊಸದಾಗಿ ಬರೆದುಬಿಡು, ಎರಡು ಗಂಟೆದು ಖಾಲಿ ಬಿಡು. ಒಂದೇ ಪೆನ್ನಲ್ಲಿ ಬರೀಬೇಡ, ಬೇರೆ ಬೇರೆ ಪೆನ್ ತಗೋ" ಅಂದಳಂತೆ. ಎಷ್ಟು ಅನುಭವ ಬೇಕು ನೋಡು ಇಂಥ ಮಾತು ಹೇಳಲು! ಡ್ರೈವರರ ಮಗಳು ಅಳುತ್ತಿದ್ದಳು, ಕಣ್ಣೀರಿನಲ್ಲಿ ಏನೋ ತಪ್ಪಾಗಿ ಓದಿಕೊಂಡಳು ಅಂದರಾಯಿತಂತೆ. ರೋಗಿ ಬೆವರುತ್ತಿದ್ದದ್ದನ್ನು ಆಯಾ ಒಂದು ಗಂಟೆಗೇ ಕಂಡಿದ್ದಳು, ನನಗೆ ತಿಳಿಸಲಿಲ್ಲ ಎಂದು ಹೇಳಿಕೆಯಲ್ಲಿ ಒಂದು ಸಾಲು ಸೇರಿಸಿದರೆ ಗುರುವಾರದ ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯುತ್ತದಂತೆ. "ಬರೆದುಕೊಟ್ಟುಬಿಡಲಾ ಅಮ್ಮಾ?" ಅಂತ ನೀನು ಕೇಳಿದೆ.

ಬೇಡ. ನನ್ನ ಉತ್ತರ ಇಷ್ಟೇ. ಆದರೆ ನೀನು ಚಿಕ್ಕಂದಿನಿಂದ ಯಾಕೆ ಯಾಕೆ ಎಂದು ಪ್ರಾಣ ತಿಂದವಳು, ಹಾಗಾಗಿ ಕಾರಣವನ್ನೂ ಬರೆಯುತ್ತೇನೆ. ಇಂಥ ಮೊಕದ್ದಮೆಗಳನ್ನು ನಾನು ವಾರ್ಡಿನಲ್ಲಿದ್ದಾಗ ಎರಡು ಮೂರು ನೋಡಿದ್ದೇನೆ. ಕಾನೂನು ಕೇಳುವುದು ದೊಡ್ಡ ಪ್ರಶ್ನೆಗಳನ್ನಲ್ಲ. ಆ ರೋಗಿಯನ್ನು ನೋಡಿಕೊಳ್ಳುವ ಹೊಣೆ ನಿನ್ನದಾಗಿತ್ತೇ? ನಿನ್ನ ಜಾಗದಲ್ಲಿ ಸಾಧಾರಣ ಎಚ್ಚರವಿರುವ ಇನ್ನೊಬ್ಬ ನರ್ಸ್ ಇದ್ದಿದ್ದರೆ ಏನು ಮಾಡುತ್ತಿದ್ದಳು? ನೀನು ಹಾಗೆ ಮಾಡದ್ದರಿಂದಲೇ ಅವರಿಗೆ ಹಾನಿಯಾಯಿತೇ? ಮೂರನೆಯದಕ್ಕೆ ನಿನ್ನಲ್ಲಿ ಉತ್ತರವಿದೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಜೀವ ಹೋದದ್ದು ಎಂದು ಶವಪರೀಕ್ಷೆಯಲ್ಲಿ ಬಂದಿದೆ, ಹನ್ನೆರಡಕ್ಕೆ ನೋಡಿದ್ದೀಯ, ಮುಂದಿನ ಸರದಿ ಎರಡಕ್ಕೇ ಇತ್ತು. ಎರಡರ ಕಾಲಂ ಖಾಲಿ ಇದ್ದಿದ್ದರೆ ಇವತ್ತು ನೀನು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ. ಈಗ ನೀನು ಹನ್ನೆರಡಕ್ಕೆ ನೋಡಿದ್ದನ್ನೂ ಯಾರೂ ನಂಬುವುದಿಲ್ಲ. ಹತ್ತಕ್ಕೆ ನೋಡಿದ್ದನ್ನೂ ನಂಬುವುದಿಲ್ಲ. ಬೆಳಗಿನಿಂದ ಕಾಲು ಸೋಲುವಷ್ಟು ಓಡಾಡಿ ಮಾಡಿದ ಕೆಲಸವನ್ನೆಲ್ಲ ಆ ಒಂದು ಕಾಲಂ ತಿಂದುಹಾಕಿತು. ಇದನ್ನು ಬರೆಯುವಾಗ ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬರುತ್ತಿದೆಯೋ ಅಷ್ಟೇ ಸಂಕಟವೂ ಆಗುತ್ತಿದೆ.

ಆದರೂ ಹಳೆಯ ಹಾಳೆ ನಿರ್ಲಕ್ಷ್ಯ, ಮಗಳೇ. ಹೊಸ ಹಾಳೆ ಅಪರಾಧ. ನಿರ್ಲಕ್ಷ್ಯಕ್ಕೆ ಛೀಮಾರಿ ಹಾಕಬಹುದು, ಕೆಲಸ ಹೋಗಬಹುದು, ನೋಂದಣಿಯನ್ನು ಆರು ತಿಂಗಳೋ ವರ್ಷವೋ ತಡೆಹಿಡಿಯಬಹುದು. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಜೈಲಿಗೂ ಹೋಗಬೇಕಾದೀತು, ಆಗ ಆ ಹಿರಿಯ ಸಿಸ್ಟರ್ ಬೇರೆ ಬೇರೆ ಪೆನ್ನು ಹಿಡಿದು ನಿನ್ನ ಹಿಂದೆ ಬರುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಹಳೆಯ ಹಾಳೆ ಹಾಗೇ ಇರಲಿ. ಗೀಚಬೇಡ, ಬಿಳಿ ಬಣ್ಣ ಬಳಿಯಬೇಡ, ಅದಕ್ಕೆ ಈಗ ಒಂದು ಚುಕ್ಕೆಯನ್ನೂ ಸೇರಿಸಬೇಡ. ಹೇಳಬೇಕಾದ್ದನ್ನು ಬೇರೆ ಕಾಗದದಲ್ಲಿ ಬರೆಯುವ ದಿನದ ತಾರೀಖು ಹಾಕಿ ಹೇಳಿಕೆಯಾಗಿ ಬರೆ: ಎರಡರ ಕಾಲಮ್ಮನ್ನು ನಾನೇ ಹನ್ನೆರಡಕ್ಕೆ ಬರೆದೆ, ನೋಡದೆ ಬರೆದೆ. ಮೂವತ್ತು ಜನಕ್ಕೆ ಇಬ್ಬರು ಸಾಲುವುದಿಲ್ಲವೆಂದು ಬೆಳಗ್ಗೆಯೇ ಹಿರಿಯ ಸಿಸ್ಟರಿಗೆ ಹೇಳಿದ್ದೆಯಲ್ಲ, ಅದನ್ನೂ ಬರೆ. ಆ ದಿನವೇ ಬರಹದಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಬೇಕಿತ್ತು. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಕಳಿಸುವ ಮೊದಲು ಒಬ್ಬ ವಕೀಲರಿಗೆ ತೋರಿಸು. ಓದದೆ ಯಾವುದಕ್ಕೂ ಸಹಿ ಹಾಕಬೇಡ, ಹಾಕು ಅಂದವರು ಎಷ್ಟೇ ಅಕ್ಕರೆಯಿಂದ ಬೆನ್ನು ಸವರಿದರೂ.

ಆಯಾಳ ಮೇಲೆ ಒಂದು ಅಕ್ಷರ ಬರೆಯಬೇಡ. ಅವಳು ಓಡಿ ಬಂದಳು, ಅವತ್ತು ಹನ್ನೆರಡರ ಮೇಲೆ ಆ ವಾರ್ಡಿನಲ್ಲಿ ಆ ಮನುಷ್ಯನ ಮುಖ ನೋಡಿದವಳು ಅವಳೊಬ್ಬಳೇ. ಆಯಾ ಎಷ್ಟು ನೋಡಿದರೂ ಚಾರ್ಟಿನಲ್ಲಿ ಅವಳಿಗೊಂದು ಕಾಲಂ ಇರುವುದಿಲ್ಲ. ನಮ್ಮ ಜಡೆ ಆಯಾ ನೆನಪಿದ್ದಾಳಾ ನಿನಗೆ? ಶಾಲೆಯಿಂದ ನೇರ ಆಸ್ಪತ್ರೆಗೆ ಬಂದು ಡ್ಯೂಟಿ ರೂಮಿನ ಸ್ಟೂಲಿನ ಮೇಲೆ ಕೂತರೆ, ನಿನ್ನ ಕೂದಲನ್ನು ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದಳು. "ಕಡ್ಡಿಗೆ ಜಡೆಯೇ ಭಾರ" ಅಂತ ಮೊದಲು ಕರೆದವಳೂ ಅವಳೇ, ಆ ಹೆಸರು ಅವಳು ಕೊಟ್ಟದ್ದು. ಅವಳು ಮಗನ ಮನೆಗೆ ಹೋಗಿಬಿಟ್ಟಳು ಎಂದು ನಾನು ಹೇಳಿದ ಮೇಲೆ ನೀನು ಒಂದು ವಾರ ಯಾರ ಕೈಗೂ ತಲೆ ಕೊಡಲಿಲ್ಲ. ಕೆದರಿದ ಕೂದಲಲ್ಲೇ ಶಾಲೆಗೆ ಹೋದೆ.

ಕೆಲಸ ಹೋದರೆ ಹೋಗಲಿ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ, ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ. ಡ್ರೈವರರ ಮಗಳು ಎದುರಿಗೆ ಬಂದರೆ ತಲೆ ತಪ್ಪಿಸಿಕೊಳ್ಳಬೇಡ. ಅವಳ ಅಪ್ಪ ಎರಡು ಗಂಟೆಯವರೆಗೂ ಇದ್ದರು ಎಂದು ಅವಳು ಅಂದುಕೊಂಡಿದ್ದರೆ, ತಾನು ಇನ್ನೊಂದಿಷ್ಟು ಬೇಗ ಬರಬೇಕಿತ್ತು ಎಂದು ಜೀವನವಿಡೀ ಕೊರಗುತ್ತಾಳೆ. ಆ ಕೊರಗನ್ನಾದರೂ ನೀನು ತೆಗೆಯಬಹುದು. ದೇವರು ನಿನಗೆ ನಿಜ ಹೇಳುವಷ್ಟು ಶಕ್ತಿ ಕೊಡಲಿ, ಹೇಳಿದ ಮೇಲೆ ನಿದ್ದೆಯನ್ನೂ ಕೊಡಲಿ. ಹಿಮ್ಮಡಿಯನ್ನು ಉಪ್ಪುನೀರಿನಲ್ಲಿಡು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಹನ್ನೆರಡಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ಜಡೆ ಆಯಾ ಮಗನ ಮನೆಗೆ ಹೋಗಲಿಲ್ಲ. ಅವಳಿಗೆ ಮಗನೇ ಇರಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ, ಹೌದು, ನಾನೂ ಬರೆಯುತ್ತಿದ್ದೆ. ಹೆರಿಗೆ ವಾರ್ಡಿನ ಆರನೇ ಹಾಸಿಗೆ, ಬೆಳಗ್ಗೆ ಹೆತ್ತ ಹುಡುಗಿ, ಮೊದಲ ಮಗು. ಅವಳ ನಾಲ್ಕು ಗಂಟೆಯ ಕಾಲಮ್ಮನ್ನು ಮೂರಕ್ಕೇ ತುಂಬಿದ್ದೆ, ನಾಡಿ ಎಂಬತ್ತು, ರಕ್ತಸ್ರಾವ ಇಲ್ಲ. ನಾಲ್ಕಕ್ಕೆ ಜಡೆ ಆಯಾ ಬಂದು, "ಸಿಸ್ಟರ್, ಆರನೇ ಮಂಚದ ಹುಡುಗಿ ಮುಖ ಬಿಳುಚ್ಕೊಂಡಿದೆ, ಒಂಚೂರು ಬಂದು ನೋಡಿ" ಅಂದಳು. "ಬರ್ತೀನಿ ನಡಿ" ಅಂದೆ. ನಿನಗೆ ಹದಿಮೂರರ ಮಗ್ಗಿ ಹೇಳಿಕೊಡುತ್ತಿದ್ದೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ, ಏಳಬೇಕಾದವಳು ನಾನು. ನಾಲ್ಕೂ ಮುಕ್ಕಾಲಿಗೆ ಹೋಗಿ ಹೊದಿಕೆ ಎತ್ತಿದೆ, ರಕ್ತ ಹಾಸಿಗೆ ತೊಯ್ದು ನೆಲಕ್ಕೆ ಇಳಿದಿತ್ತು. ಆ ಹುಡುಗಿ ಉಳಿಯಲಿಲ್ಲ. ವಿಚಾರಣೆಯಲ್ಲಿ ನನ್ನ ಚಾರ್ಟು ನೋಡಿ, ನಾಲ್ಕು ಗಂಟೆಗೆ ಎಲ್ಲ ಸರಿಯಿತ್ತು ಅಂದರು. ಆಯಾ ನಿಮಗೆ ಹೇಳಿದ್ದಳಾ ಅಂತ ಕೇಳಿದರು. ನಿನ್ನಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. "ಇಲ್ಲ, ನನಗೆ ಹೇಳಲಿಲ್ಲ" ಅಂದೆ. ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು. ಹೋಗುವಾಗ ನನ್ನ ಹತ್ತಿರ ಬಂದು, "ಹೋಗ್ಲಿ ಬಿಡಿ ಸಿಸ್ಟರ್, ನಿಮಗೆ ಮಗು ಇದೆ" ಅಂದಳು. ಆ ಮಗು ನೀನು. ಅವಳು ಎಲ್ಲಿ ಹೋದಳು ಅಂತ ನಾನು ಇವತ್ತಿನವರೆಗೂ ವಿಚಾರಿಸಲಿಲ್ಲ. ಇದನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಮೊದಲು ಬರೆದೆ. ಬುಧವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಗುರುವಾರ ಇಂಥದ್ದನ್ನು ಯಾರಿಂದ ಕಲಿತೆ ಎಂದು ಅವರು ಕೇಳಿದರೆ, ಆಚೆ ಕೂತಿದ್ದಾಳೆ, ನನ್ನ ಅಮ್ಮ ಅನ್ನು.