ಏಳು ಪಟಗಳ ಗೋಡೆ

ಗದಗ,
2291ನೆಯ ಇಸವಿ, ಫೆಬ್ರುವರಿ 31

ಅಂಬಿಕಾ ಹೊಂಬಳ ಅಜ್ಜಿಯವರಿಗೆ ಮುಕ್ತಾ ಮಾಡುವ ನಮಸ್ಕಾರಗಳು.

ಇನ್ನೂ ಮದುವೆಯೇ ಆಗದ ನಿಮ್ಮನ್ನು ಅಜ್ಜಿ ಎಂದದ್ದಕ್ಕೆ ಬೇಸರಿಸಬೇಡಿ. ಹತ್ತು ತಲೆಮಾರು ಈಚೆಗೆ ಹುಟ್ಟಿದವಳಿಗೆ ಬೇರೆ ಸಂಬೋಧನೆ ತೋಚಲಿಲ್ಲ. ತಾರೀಖು ಕೂಡ ಸರಿಯಾಗಿಯೇ ಇದೆ. ಪಂಚಾಂಗ ತಿದ್ದಿದ ಮೇಲೆ ನಮಗೆ ಈ ದಿನ ಸಿಕ್ಕಿತು. ಮುಂದೆ ಬರುವ ಕೆಲವು ಮಾತುಗಳು ವಿಚಿತ್ರ ಎನಿಸಿದರೆ ಕ್ಷಮಿಸಿ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂಬುದು ನನಗೂ ಗೊತ್ತಿಲ್ಲ, ಅದು ಅಂಚೆಯವರ ತಲೆನೋವು.

ನೌಕರಿ ಬಿಟ್ಟು ಕ್ಯಾಮೆರಾದಿಂದಲೇ ಹೊಟ್ಟೆ ಹೊರೆಯಲು ನೀವು ಹೊರಟಿರಿ ಎಂಬುದು ನಮ್ಮ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಅದು ಕೈಗೂಡಿತೇ ಎಂಬುದನ್ನು ಮಾತ್ರ ಯಾರೂ ಹೇಳಿ ಹೋಗಿಲ್ಲ. ನನಗೂ ಅದೇ ಹುಚ್ಚು ಹಿಡಿದಿದೆ, ಆದರೆ ಇಲ್ಲಿಯ ಕಟ್ಟಳೆ ಬೇರೆ.

ಫೋಟೊವನ್ನು ನಾವು ಪಟ ಎನ್ನುತ್ತೇವೆ. ಒಂದು ಮನೆಗೆ ಏಳೇ ಪಟ. ನಿಮ್ಮ ನಂತರದವರು ಕೂಡಿಟ್ಟ ಪಟಗಳ ಕಂಪ್ಯೂಟರ್ ಉಗ್ರಾಣಗಳನ್ನು ತಂಪಾಗಿಡಲು ಕೆರೆಗಳೇ ಬರಿದಾದವಂತೆ. ನೀರೋ ಪಟವೋ ಎಂಬ ಪ್ರಶ್ನೆ ಬಂದಾಗ ಊರು ನೀರು ಎಂದಿತು. ನಕಲು ಮಾಡುವಂತಿಲ್ಲ, ಒಂದು ಗೋಡೆಗೆ ಏರಿದ ಪಟ ಇನ್ನೊಂದು ಗೋಡೆಗೆ ಹೋಗುವಂತಿಲ್ಲ. ಹೊಸದು ಬರಬೇಕಾದರೆ ಹಳೆಯದೊಂದು ಹೋಗಬೇಕು. ಅದಕ್ಕೆಂದೇ ವರ್ಷಕ್ಕೊಮ್ಮೆ ಅಳಿಸುದಿನ ಬರುತ್ತದೆ. ಮನೆಯವರೆಲ್ಲ ಗೋಡೆಯ ಮುಂದೆ ಕೂತು ಪಟದಲ್ಲಿರುವವರ ಹೆಸರು ಹೇಳುತ್ತಾರೆ. ಯಾರ ಹೆಸರೂ ಹೊಳೆಯದ ಪಟ ಮೊದಲು ಹೋಗುತ್ತದೆ. ಹೊಸ ಪಟ ತೆಗೆದವರೇ ಕೈಯಾರೆ ಹಳೆಯದನ್ನು ಅಳಿಸಬೇಕು. ಆಮೇಲೆ ಆ ಮನೆ ಅವರಿಗೆ ವರ್ಷದಲ್ಲಿ ಒಂದು ತಿಂಗಳು ಊಟ ಹಾಕುತ್ತದೆ. ಇದು ಪಟಪಾಳಿ. ಹನ್ನೆರಡು ಮನೆಯ ಪಾಳಿ ಕೂಡಿದವರು ಪಟಗಾರರು. ಕೂಡದವರು ಹವ್ಯಾಸ ಎಂದುಕೊಂಡು ಬೇರೆ ದುಡಿಮೆ ನೋಡಿಕೊಳ್ಳುತ್ತಾರೆ.

ನಾನು ಇಷ್ಟು ವರ್ಷ ಗಾಳಿಯಂತ್ರಗಳ ರೆಕ್ಕೆ ಒರೆಸಿದವಳು. ರಜೆ ಸಿಕ್ಕಾಗಲೆಲ್ಲ ಕಪ್ಪತಗುಡ್ಡ ಹತ್ತಿ ಮೋಡ, ಮುಳುಗುವ ಸೂರ್ಯ ಎಂದು ತೆಗೆಯುತ್ತಿದ್ದೆ. ಎಲ್ಲರೂ ಭೇಷ್ ಅಂದರು. ಒಬ್ಬರಾದರೂ ಅದಕ್ಕಾಗಿ ತಮ್ಮ ಅಜ್ಜನನ್ನು ಗೋಡೆಯಿಂದ ಇಳಿಸಲಿಲ್ಲ. ಬುದ್ಧಿ ಬಂದ ಮೇಲೆ ಮನೆಮನೆಗೆ ಹೋಗಿ ಶೇಂಗಾ ಸುಲಿಯುತ್ತ ಕೂತೆ. ನಾನಿರುವುದನ್ನು ಅವರು ಮರೆತಾಗ ಒಂದೇ ಒಂದು ಪಟ ತೆಗೆದೆ. ಹಾಗೆ ಹನ್ನೊಂದು ಮನೆ ಕೂಡಿವೆ. ಹನ್ನೆರಡನೆಯದು ನಮ್ಮ ದೊಡ್ಡವ್ವನದು.

ದೊಡ್ಡಪ್ಪ ಈ ಚಳಿಗಾಲದಲ್ಲಿ ತೀರಿಕೊಂಡರು. ರೊಟ್ಟಿ ಬಡಿಯುತ್ತ, ತಮ್ಮ ಹಾಡಿಗೆ ತಾವೇ ನಗುತ್ತಿದ್ದ ಅವರ ಪಟ ನನ್ನಲ್ಲಿದೆ. ದೊಡ್ಡವ್ವನಿಗೆ ಅದು ಬೇಕೇ ಬೇಕು. ಅವಳ ಗೋಡೆಯಿಂದ ಹೋಗಬೇಕಾದದ್ದು ನೀವು ತೆಗೆದ ಪಟ. ಯಾರದೋ ಮದುವೆಮನೆಯ ಅಂಗಳದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಒಂದಿಷ್ಟು ಮಂದಿ, ಅವರ ಕಾಲ ಬಳಿ ಮೊಣಕೈ ಎತ್ತಿದ ನಿಮ್ಮ ನೆರಳು. ಉಳಿದ ಆರು ಪಟಗಳಲ್ಲಿ ಇರುವವರ ಹೆಸರು ಮನೆಯವರಿಗೆ ಗೊತ್ತು, ಆ ಮಂದಿಯ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ನೆರಳು ಅಂಬಿಕಾ ಅಜ್ಜಿಯದು ಎಂದು ನಾನು ವಾದಿಸಿದೆ.

“ನೆರಳಿಗೆ ಮಾರಿ ಅದ ಏನವಾ? ನಿಮ್ಮ ದೊಡ್ಡಪ್ಪನ್ನ ನಾ ಎಲ್ಲಿ ಇಡ್ಲಿ?” ಎಂದಳು ದೊಡ್ಡವ್ವ.

ನೆರಳಿಗೆ ಮುಖವಿಲ್ಲ ನಿಜ, ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಚಿಕ್ಕಂದಿನಲ್ಲಿ ಆ ನೆರಳನ್ನು ನೋಡಿಯೇ ನಾನು ಕ್ಯಾಮೆರಾ ಹಿಡಿದದ್ದು. ಅದನ್ನು ನನ್ನ ಕೈಯಿಂದಲೇ ಅಳಿಸಬೇಕಲ್ಲ ಎಂದು ಸಂಕಟವಾಗುತ್ತಿದೆ.

ಆದ್ದರಿಂದ ಒಂದು ಕೋರಿಕೆ. ಆ ಮದುವೆಯ ದಿನ ಬಂದಾಗ ಕ್ಯಾಮೆರಾವನ್ನು ಯಾರ ಕೈಗಾದರೂ ಕೊಡಿ. ಅಡುಗೆಯವರಾದರೂ ಸರಿ, ಪಟ ಸೊಟ್ಟಗೆ ಬಂದರೂ ಸರಿ. ನೀವು ಹೋಗಿ ಆ ಮಂದಿಯ ನಡುವೆ ನಿಲ್ಲಿ.

ನಾಳೆ ಅಳಿಸುದಿನ. ಕೈ ಹಾಕುವ ಮುನ್ನ ಗೋಡೆಯನ್ನು ಒಮ್ಮೆ ನೋಡುತ್ತೇನೆ. ಅಲ್ಲಿ ನಿಮ್ಮ ಮುಖ ಕಂಡರೆ ಗಟ್ಟಿಯಾಗಿ ಹೆಸರು ಹೇಳಿ ನಿಮ್ಮನ್ನು ಉಳಿಸಿಕೊಳ್ಳುತ್ತೇನೆ. ದೊಡ್ಡಪ್ಪನಿಗೆ ನಾನೊಬ್ಬಳೇ ಇರುವ ಕೋಣೆಯ ಗೋಡೆಯಲ್ಲೇ ಜಾಗ ಮಾಡುತ್ತೇನೆ. ಸ್ವಂತ ಗೋಡೆಗೆ ಪಾಳಿ ಇಲ್ಲ, ಹನ್ನೊಂದಕ್ಕೇ ನಿಂತು ಮತ್ತೆ ರೆಕ್ಕೆ ಒರೆಸಲು ಹೋಗುತ್ತೇನೆ. ಬರೀ ನೆರಳಿಗಾಗಿ ಹೊಟ್ಟೆಪಾಡು ಬಿಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮುಖ ಕಾಣದಿದ್ದರೆ, ಅಜ್ಜಿ, ನಾಳೆಯಿಂದ ನಾನು ಪಟಗಾರ್ತಿ.

ನಿಮ್ಮವಳೇ ಆದ,
ಮುಕ್ತಾ