ಹನ್ನೆರಡು ಪೀಪಾಯಿಗಳ ಚೀಟಿ

ಮಾರ್ಚ್ ೯, ಸೋಮವಾರ

ಕಾರ್ಖಾನೆಯ ಆ ಹನ್ನೆರಡು ಪೀಪಾಯಿ ಕಣ್ಣಿಂದ ಹೋಗುತ್ತಿಲ್ಲ. ಪ್ಯಾರಾಫಿನ್ ಎಣ್ಣೆಗೆ ಕ್ಲೋರಿನ್ ಗ್ಯಾಸು ಹಾಯಿಸಿ ಮಾಡುವ, ಪ್ಲಾಸ್ಟಿಕ್ ಮೆತ್ತಗಾಗಿಸುವ ಎಣ್ಣೆಯೆಲ್ಲ ಜೇನಿನ ಹಾಗೇ ಕಾಣುತ್ತದೆ. ಒಳಗಿನ ಇಂಗಾಲದ ಸರಪಳಿ ಗಿಡ್ಡವೋ ಮಧ್ಯಮವೋ ಅಂತ ಹೊರಗಿನವರಿಗೆ ಹೇಳುವುದು ನಾನು ಅಂಟಿಸುವ ಚೀಟಿ ಮಾತ್ರ. ಗಿಡ್ಡದ್ದು ತಾಯಿಹಾಲಿಗೂ ಇಳಿಯುತ್ತದೆಂದು ಅದಕ್ಕೆ ನಿಷೇಧ.

"ಗಿಡ್ಡದ್ದಕ್ಕೆ ಮಧ್ಯಮದ ಚೀಟಿ ಅಂಟಿಸಮ್ಮ. ಎಣ್ಣೆಗೇನು ಬಾಯಿದೆಯಾ?" ಅಂದ ಮೇಸ್ತ್ರಿ.

"ನನಗಿದೆಯಲ್ಲಪ್ಪ."

"ಹಾಗಾದ್ರೆ ನಾಳೆಯಿಂದ ಮನೇಲಿ ಕೂತು ಮಾತಾಡು."

ಬಾಯಿ ಮುಚ್ಚಿಕೊಂಡು ಹನ್ನೆರಡಕ್ಕೂ ಅಂಟಿಸಿದೆ.

ಸಂಜೆ ದೇವರ ಮುಂದೆ ಕೂತೆ. ಬಾಣಂತಿ ಮಗಳನ್ನೂ ಅವಳ ಕೂಸನ್ನೂ ಕಾಪಾಡಪ್ಪ ಅಂತ ದಿನಾ ಬೇಡುವವಳಿಗೆ ಇವತ್ತು ನಾಲಿಗೆ ಏಳಲಿಲ್ಲ. ಇನ್ಯಾರದೋ ಕೂಸೂ ಹಾಲು ಕುಡಿಯುತ್ತದಲ್ಲ. ದೇವರು ಚೀಟಿ ಓದಿ ನಂಬುವವನಲ್ಲ. ನಾಳೆ ಮತ್ತೆ ಎಂಟು ಪೀಪಾಯಿ ಇವೆಯಂತೆ. ಮೇಸ್ತ್ರಿ ಚೀಟಿ ಕೈಗಿಟ್ಟಾಗ ನಾನು ಅಂಟಿಸುತ್ತೇನೋ ಇಲ್ಲವೋ, ಅದನ್ನು ಇನ್ನೂ ಬರೆಯಲಾರೆ.