ಹದಿನಾಲ್ಕು ದಿನಗಳ ಚೀಟಿ

ಬ್ರೇಕರ್ ಹಾಲೋ, ಕೆಂಟಕಿ
ಏಪ್ರಿಲ್ 17, 2016, ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಮಗ ವೆಂಡೆಲ್‌ಗೆ,

ನಿನ್ನ ಅಮ್ಮನ ಆಶೀರ್ವಾದ. ಸೊಂಟ ಹೇಗಿದೆ? ಹೋದ ಸಲ ನಾನು ನಿನ್ನನ್ನು ನೋಡಲು ಬಂದಾಗ ನೀನು ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಂಡೆ. ನಾನು ನೋಡಲಿಲ್ಲ ಅಂದುಕೊಂಡೆಯೇನೋ, ನೋಡಿದೆ. ತೆಳು ಹಾಸಿಗೆ ಬದಲಿಸಿಕೊಡಿ ಅಂತ ಬರೆದುಕೊಟ್ಟೆಯಾ ಇಲ್ಲವಾ? ಬಾಯಿಬಿಟ್ಟು ಕೇಳದಿದ್ದರೆ ಯಾರೂ ಕೊಡುವುದಿಲ್ಲ, ಸೆರೆಮನೆಯಲ್ಲಂತೂ ಕೊಡುವುದೇ ಇಲ್ಲ. ಆ ಹಿಂದಿನ ಹಲ್ಲನ್ನೂ ತೋರಿಸು. ನಿನ್ನ ಅಪ್ಪ ಹಲ್ಲು ನೋವನ್ನು ನುಂಗಿ ನುಂಗಿ ಕಡೆಗೆ ಅರ್ಧ ದವಡೆ ಕಳೆದುಕೊಂಡ. ನನ್ನ ಮಂಡಿ ಇದ್ದ ಹಾಗೇ ಇದೆ. ಶಾಲೆಯ ಅಡುಗೆಮನೆಯಲ್ಲಿ ಈಗ ನಿಲ್ಲುವ ಕೆಲಸ ಬಿಡಿಸಿ ತಟ್ಟೆ ಜೋಡಿಸುವ ಕಡೆ ಹಾಕಿದ್ದಾರೆ, ಅಲ್ಲಿ ಒಂದು ಸ್ಟೂಲು ಇದೆ. ಗುಡ್ಡದ ಮೇಲೆ ಕಾಡುಬೆಳ್ಳುಳ್ಳಿ ಚಿಗುರಿದೆ. ಮೊನ್ನೆ ಆಲೂಗಡ್ಡೆ ಜೊತೆ ಹುರಿದೆ, ಮನೆಯೆಲ್ಲ ಘಮ್ಮೆಂದಿತು. ನೀನು ಚಿಕ್ಕವನಿದ್ದಾಗ ಅದನ್ನು ತಿಂದು ಶಾಲೆಗೆ ಹೋಗಿ, ವಾಸನೆ ತಡೆಯಲಾರದೆ ಟೀಚರು ನಿನ್ನನ್ನು ಹೊರಗೆ ಕೂರಿಸಿದ್ದು ನೆನಪಾಯಿತು. ನಿನಗೆ ಬೇಕಾಗಿದ್ದೂ ಅದೇ ಆಗಿತ್ತು. ಈ ಕಾಗದವನ್ನು ನಿನಗಿಂತ ಮೊದಲು ಓದುವ ಅಧಿಕಾರಿಗೂ ನನ್ನ ನಮಸ್ಕಾರ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಸಾವಕಾಶವಾಗಿ ಓದಲಿ.

ಭಾನುವಾರ ನಾಲ್ಕು ಗಂಟೆಯ ಫೋನಿನಲ್ಲಿ ಮೂರು ವಾರದಿಂದ ನೀನು ಶೆಲ್ಬಿಯ ಪದವಿ ಸಮಾರಂಭ ಯಾವತ್ತು, ಫೋಟೋ ಕಳಿಸ್ತೀಯಾ ಅಂತ ಕೇಳುತ್ತಿದ್ದೀಯ. ನಾನು ಮಾತು ತಿರುಗಿಸಿ ಮಂಡಿಯ ಕಥೆ ಹೇಳುತ್ತಿದ್ದೆ. ಹದಿನೈದು ನಿಮಿಷಕ್ಕೆ ಕಡಿದುಹೋಗುವ ಫೋನಿನಲ್ಲಿ ಇದನ್ನು ಹೇಳಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಗಳು ಈ ಮೇ ತಿಂಗಳಲ್ಲಿ ಹೈಸ್ಕೂಲು ಮುಗಿಸುವುದಿಲ್ಲ, ವೆಂಡೆಲ್. ನನಗೆ ಗೊತ್ತಾಗಿದ್ದು ಮಾರ್ಚ್ ಕೊನೆಯ ಸೋಮವಾರ. ಶಾಲೆಯ ಊಟದ ಕೋಣೆಯ ಬಾಗಿಲ ಪಕ್ಕದಲ್ಲಿ ಪದವಿ ಪಡೆಯುವವರ ಪಟ್ಟಿ ಅಂಟಿಸಿದ್ದರು. ಮಕ್ಕಳೆಲ್ಲ ತಟ್ಟೆ ಹಿಡಿದುಕೊಂಡೇ ಅದಕ್ಕೆ ಮುಗಿಬಿದ್ದಿದ್ದರು. ಗಲಾಟೆ ಇಳಿದ ಮೇಲೆ ನಾನೂ ಕನ್ನಡಕ ಹಾಕಿಕೊಂಡು ಹೋದೆ. ಪ್ಯಾಟನ್ ಹುಡುಗಿ ಇದ್ದಳು, ಅವಳ ಕೆಳಗೆ ಪ್ರೆಸ್ಟನ್ ಅವಳಿಗಳು. ನಡುವೆ ನಮ್ಮ ಪ್ರಾಟರ್ ಹೆಸರು ಇರಲಿಲ್ಲ. ಟೈಪು ಮಾಡುವಾಗ ಬಿಟ್ಟುಹೋಗಿರಬೇಕು ಅಂತ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಓದಿದೆ. ತಿರುಗಿ ನೋಡಿದರೆ ಶೆಲ್ಬಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಸೇಬು ತಿನ್ನುತ್ತಿದ್ದಳು. ಪಟ್ಟಿಯ ಕಡೆ ನೋಡುತ್ತಲೇ ಇರಲಿಲ್ಲ.

ಎರಡು ದಿನ ಬಿಟ್ಟು ಸಲಹೆಗಾರ್ತಿ ಮಿಸೆಸ್ ಟ್ಯಾಕೆಟ್ ನಮ್ಮಿಬ್ಬರನ್ನೂ ಕರೆದಳು. ಅವಳು ಕೆಟ್ಟವಳಲ್ಲ. ನಾನೂರು ಮಕ್ಕಳಿಗೆ ಅವಳೊಬ್ಬಳು, ಮೇಜಿನ ಮೇಲೆ ಕಾಗದದ ಗುಡ್ಡ, ಅದರ ಮೇಲೆ ಅರ್ಧ ತಿಂದ ಸ್ಯಾಂಡ್‌ವಿಚ್. ಒಂದು ಕಡತ ಬಿಚ್ಚಿ ಒಂಬತ್ತನೇ ಕ್ಲಾಸಿನಲ್ಲಿ ಬರೆಸಿಕೊಂಡಿದ್ದ ನಾಲ್ಕು ವರ್ಷದ ಯೋಜನೆಯ ಹಾಳೆ ತೆಗೆದಳು. ಯಾವ ವರ್ಷ ಯಾವ ಪಾಠ, ಯಾವ ದಾರಿ, ಮುಗಿದ ಮೇಲೆ ಎಲ್ಲಿಗೆ, ಎಲ್ಲ ಚೌಕಗಳಲ್ಲೂ ಶೆಲ್ಬಿಯ ದುಂಡು ಅಕ್ಷರ. ಗಣಿ ಕೆಲಸ, ಮರಗೆಲಸ, ಕಚೇರಿ ಕೆಲಸ ಎಲ್ಲ ಬಿಟ್ಟು ದಾದಿ ಕೆಲಸದ ಎದುರು ಗುರುತು ಹಾಕಿದ್ದಳು. ಕೆಳಗೆ ತಂದೆತಾಯಿಯ ಅಭಿಪ್ರಾಯ ಅಂತ ಒಂದು ಗೆರೆ. ಅಲ್ಲಿ ನೀನು ಬರೆದಿದ್ದೆ: 'ಅವಳು ಹೇಳಿದ ಹಾಗೇ ಆಗಲಿ.' ಮಿಸೆಸ್ ಟ್ಯಾಕೆಟ್ ಅದನ್ನು ಗಟ್ಟಿಯಾಗಿ ಓದಿ, ಯಾಕಾದರೂ ಓದಿದೆನೋ ಅನ್ನುವ ಹಾಗೆ ಹಾಳೆಯನ್ನು ಮಗುಚಿಟ್ಟಳು. ಶೆಲ್ಬಿ ಆ ಹಾಳೆಯಲ್ಲಿದ್ದ ಹಾಗೇ ನಡೆದುಕೊಂಡಿದ್ದಾಳೆ, ಮಗಾ. ಮೂರು ವರ್ಷ ಒಂದು ಚೌಕವನ್ನೂ ತಪ್ಪಿಸಲಿಲ್ಲ. ವೃದ್ಧಾಶ್ರಮದಲ್ಲಿ ಎಪ್ಪತ್ತೈದು ಗಂಟೆ ಮುದುಕರ ಮೈ ಒರೆಸಿ, ಹಾಸಿಗೆ ಬದಲಿಸಿ ಬಂದಳು. ಪಕ್ಕದ ಕೌಂಟಿಯ ಕಾಲೇಜಿನಲ್ಲಿ ಆಗಸ್ಟಿಗೆ ದಾದಿ ತರಗತಿಯಲ್ಲಿ ಸೀಟೂ ಸಿಕ್ಕಿತ್ತು. ತೊಂದರೆ ಎಲ್ಲಾಯಿತು ಅಂದರೆ ಹೋದ ಶರತ್ಕಾಲದಲ್ಲಿ. ಆಗ ಹದಿನಾಲ್ಕು ದಿನ ಶಾಲೆಗೆ ಹೋಗಿಲ್ಲ. ಕಾರಣ ಕೊಡದೆ ಹತ್ತು ದಿನಕ್ಕಿಂತ ಹೆಚ್ಚು ತಪ್ಪಿಸಿದರೆ ಆ ಅರ್ಧ ವರ್ಷದ ಪಾಠಗಳೆಲ್ಲ ಲೆಕ್ಕಕ್ಕಿಲ್ಲ, ನಂಬರು ಎಷ್ಟೇ ಬಂದಿರಲಿ. 'ಜನವರಿಯಲ್ಲೇ ಮನೆಗೆ ಪತ್ರ ಹಾಕಿದ್ವಲ್ಲ,' ಅಂದಳು ಮಿಸೆಸ್ ಟ್ಯಾಕೆಟ್. ಹಾಕಿದ್ದರು, ನಿನ್ನ ಹೆಸರಿಗೆ, ನಿನ್ನ ಹಳೇ ಟ್ರೇಲರ್ ಮನೆಗೆ. ಅಲ್ಲಿ ಈಗ ಅಳಿಲು ಬಿಟ್ಟರೆ ಯಾರೂ ಇಲ್ಲ.

ಆ ಹದಿನಾಲ್ಕು ದಿನ ಯಾವುವು ಅಂತ ನಿನಗೆ ಹೇಳಬೇಕಾಗಿಲ್ಲ. ಕೋರ್ಟಿನಲ್ಲಿ ನೀನು ಹಿಂದೆ ತಿರುಗಿದಾಗೆಲ್ಲ ಎರಡನೇ ಬೆಂಚಿನಲ್ಲಿ ಅವಳಿದ್ದಳು. ನನಗೆ ಕೆಲಸಕ್ಕೆ ರಜೆ ಸಿಗಲಿಲ್ಲ, ಅವಳು ಹೋಗಲಿ ಅಂತ ನಾನೇ ಕಳಿಸಿದೆ. ಕೋರ್ಟಿನ ಗುಮಾಸ್ತ ದಿನಾ ಸಂಜೆ ಶಾಲೆಗೆ ತೋರಿಸಲು ಒಂದು ಚೀಟಿ ಬರೆದು ಮೊಹರು ಒತ್ತಿ ಕೊಡುತ್ತಿದ್ದ. ಅವನ್ನು ಕೊಟ್ಟಿದ್ದರೆ ಒಂದು ದಿನವೂ ಹೋಗುತ್ತಿರಲಿಲ್ಲ. ಕೊಟ್ಟಿದ್ದಾಳೆ ಅಂತಲೇ ನಾನು ತಿಳಿದಿದ್ದೆ. ಮಿಸೆಸ್ ಟ್ಯಾಕೆಟ್ ಎದುರಿಗೆ 'ಚೀಟಿಗಳೆಲ್ಲ ಎಲ್ಲಿ ಹೋದ್ವು ಶೆಲ್ಬಿ?' ಅಂದೆ. 'ಮನೇಲಿದಾವೆ,' ಅಂದಳು. 'ಕೊಡೋಕೆ ನಿನಗೇನಾಗಿತ್ತು?' ಅಂದೆ, ಸ್ವಲ್ಪ ಜೋರಾಗಿಯೇ ಅಂದೆ. ಅವಳು ಉಗುರು ನೋಡಿಕೊಂಡು ಹೇಳಿದಳು: 'ಚೀಟಿ ತಗೊಳ್ಳೋ ಕಿಟಕೀಲಿ ಕೂರೋದು ಯಾರು ಅಜ್ಜಿ? ಕ್ಲೈಡ್ ಅಂಕಲ್ ತಂಗಿ. ಅಪ್ಪನ ಹೆಸರು, ಅವರಣ್ಣನ ಹೆಸರು, ಎರಡೂ ಒಂದೇ ಚೀಟೀಲಿ. ದಿನಾ ಬೆಳಿಗ್ಗೆ ಅವರ ಕೈಗೆ ಅದನ್ನ ಹೇಗೆ ಕೊಡ್ಲಿ?'

ಕ್ಲೈಡನ ತಂಗಿ ಇಮೋಜೀನ್ ಹಾಜರಿ ಕಿಟಕಿಯಲ್ಲಿ ಕೂತು ಹನ್ನೊಂದು ವರ್ಷವಾಯಿತು, ದಿನಾ ನನ್ನ ಕೈಯಿಂದಲೇ ಊಟದ ತಟ್ಟೆ ತಗೊಳ್ಳುತ್ತಾಳೆ, ಆದರೂ ನನಗೆ ಅದು ಹೊಳೆದಿರಲಿಲ್ಲ. ಮುಚ್ಚಿದ ಗಣಿಯಿಂದ ತಾಮ್ರದ ತಂತಿ ಕತ್ತರಿಸೋಣ ಅಂತ ಆವತ್ತು ಮೊದಲು ಹೇಳಿದ್ದು ನೀನೋ ಕ್ಲೈಡೋ, ಅದನ್ನು ಜ್ಯೂರಿ ತೀರ್ಮಾನ ಮಾಡಿಯಾಯಿತು, ನಾನು ಮತ್ತೆ ಕೆದಕುವುದಿಲ್ಲ. ತಂತಿಯಲ್ಲಿ ಕರೆಂಟು ಇತ್ತು, ಅವನು ಸತ್ತ, ನೀನು ಉಳಿದೆ, ಆ ಸಾವು ನಿನ್ನ ತಲೆಗೆ ಬಂತು. ಅವನ ತಂಗಿಯ ಮುಖಕ್ಕೆ ಆ ಚೀಟಿ ಹಿಡಿಯಲಾರದೆ ಹದಿನೇಳು ವರ್ಷದ ಹುಡುಗಿ ಅವನ್ನೆಲ್ಲ ಬೈಬಲ್ಲಿನೊಳಗೆ ಇಟ್ಟುಕೊಂಡಳು. ಎಂಥ ದಡ್ಡಿ ಅಂತ ಬೈಯಲು ಹೊರಟವಳು ಬೈಯಲಿಲ್ಲ. ಮನೆಗೆ ಹೋಗಿ ಹದಿನಾಲ್ಕನ್ನೂ ತೆಗೆಸಿ, ದಿನಾಂಕದ ಪ್ರಕಾರ ಜೋಡಿಸಿ, ಮಾರನೆಯ ಬೆಳಿಗ್ಗೆ ಏಪ್ರನ್ ಕಟ್ಟುವ ಮುಂಚೆ ನಾನೇ ಆ ಕಿಟಕಿಗೆ ಹೋದೆ.

ಇಮೋಜೀನ್ ಮೇಲಿನ ಚೀಟಿ ಓದಿದಳು. ಆಮೇಲೆ ಅದರ ಕೆಳಗಿನದ್ದು. ಒಂದನ್ನೂ ಬಿಡದೆ ಹದಿನಾಲ್ಕನ್ನೂ ಓದಿದಳು, ವೆಂಡೆಲ್. ನನ್ನ ಹಿಂದೆ ತಡವಾಗಿ ಬಂದ ಮಕ್ಕಳ ಸಾಲು ಬೆಳೆಯುತ್ತಿತ್ತು. ಓದಿ ಮುಗಿಸಿ ಪ್ರತಿಯೊಂದಕ್ಕೂ ಆವತ್ತಿನ ತಾರೀಖಿನ ಮೊಹರು ಹಾಕಿದಳು. 'ತಗೊಂಡಿದೀನಿ. ಆದರೆ ಆ ಟರ್ಮು ಮುಚ್ಚಿ ಮೂರು ತಿಂಗಳಾಯ್ತು, ಮೊಹರು ಹಾಕೋದು ಬಿಟ್ಟು ನನ್ನ ಕೈಲಿ ಇನ್ನೇನೂ ಇಲ್ಲ,' ಅಂದಳು. ನಾನು ಆಯ್ತು ಅಂದು ಹೊರಟೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದಳು. 'ಆರ್ಡಿತ್, ಆವತ್ತೇ ಕೊಟ್ಟಿದ್ರೆ ಆವತ್ತೇ ಬರ್ಕೋತಿದ್ದೆ. ಅವಳಿಗೆ ಹೇಳು. ನಾನು ಅಷ್ಟು ಕೆಟ್ಟವಳಲ್ಲ.' ನನಗೆ ಗೊತ್ತು ಅಂದೆ. 'ನಿಂಗೆ ಗೊತ್ತಿದ್ರೆ ಏನ್ ಬಂತು,' ಅಂದಳು, 'ಅವಳಿಗೆ ಗೊತ್ತಿರಲಿಲ್ವಲ್ಲ.' ಅವಳ ಕಣ್ಣು ತುಂಬಿತ್ತು. ಆಮೇಲೆ ಸಾಲಿನ ಮುಂದಿದ್ದ ಹುಡುಗಿಯನ್ನು 'ಏನೇ, ಇವತ್ತೂ ಬಸ್ಸು ತಪ್ತಾ?' ಅಂತ ಗದರಿಸಿದಳು.

ಮಿಸೆಸ್ ಟ್ಯಾಕೆಟ್ ಅರ್ಜಿ ಬರೆದಳು. ಹೋದ ಗುರುವಾರ ಸಂಜೆ ಶಾಲಾ ಮಂಡಳಿಯ ಸಭೆ, ನಮಗೆ ಮೂರು ನಿಮಿಷ. ನಾನು ಬರೆದುಕೊಂಡು ಹೋಗಿದ್ದು ಅರ್ಧ ಓದುವಷ್ಟರಲ್ಲಿ ಗಂಟೆ ಹೊಡೆದರು. ಐದು ಜನರಲ್ಲಿ ಒಬ್ಬಾಕೆ ಮಾತ್ರ ನಮ್ಮ ಕಡೆ ಕೈ ಎತ್ತಿದಳು. ಅಧ್ಯಕ್ಷ ನಿನಗೆ ಗೊತ್ತಿರುವವನೇ, ಟ್ರಾಕ್ಟರ್ ಅಂಗಡಿಯವನು. 'ಮಗು ಒಳ್ಳೇದೇ ಅಮ್ಮಾ, ಬೇಡ ಅಂದೋರು ಯಾರು? ಆದರೆ ಒಬ್ಬರಿಗೆ ಗೇಟು ತೆಗೆದ್ರೆ ಮಂದೆಯೆಲ್ಲ ನುಗ್ಗುತ್ತೆ,' ಅಂದ. ಬೇಸಿಗೆಯಲ್ಲಿ ಕಂಪ್ಯೂಟರಿನಲ್ಲಿ ಕಲಿತು ಎರಡು ಪಾಠ ತುಂಬಿಕೊಳ್ಳಬಹುದಂತೆ. ಅವಳು ಕಳೆದುಕೊಂಡಿರುವುದು ನಾಲ್ಕು. ಅಂದರೆ ಶರತ್ಕಾಲಕ್ಕೆ ಮತ್ತೆ ಅದೇ ಶಾಲೆ, ಐದನೇ ವರ್ಷ. ಅದೂ ದಾದಿ ಪಾಠ ಇರುವುದಿಲ್ಲ. ಕಲಿಸುವಾಕೆ ಲೆಕ್ಸಿಂಗ್ಟನ್ನಿನ ಆಸ್ಪತ್ರೆಗೆ ಹೋಗುತ್ತಿದ್ದಾಳೆ, ಆ ಜಾಗಕ್ಕೆ ಇನ್ನು ಯಾರನ್ನೂ ತಗೊಳ್ಳುವುದಿಲ್ಲವಂತೆ. ಪಾಠ ಪೂರ್ತಿಯಾಗದೆ ದಾದಿ ಕೆಲಸದ ಪರೀಕ್ಷೆಗೆ ಕೂರುವಂತಿಲ್ಲ, ಕಾಲೇಜಿನ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಯಿತು. ಮಿಸೆಸ್ ಟ್ಯಾಕೆಟ್ ಹೊಸ ಹಾಳೆಯೊಂದನ್ನು ತೆಗೆದು 'ಕಚೇರಿ ಕೆಲಸದ ದಾರೀಲಿ ಎರಡು ಚೌಕ ಖಾಲಿ ಇದೆ, ಅಲ್ಲಿ ಸೇರಿಸ್ಲಾ?' ಅಂತ ಕೇಳಿದಳು. ಶೆಲ್ಬಿ 'ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ ಸೇರಿಸಿ' ಅಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಇಮೋಜೀನ್ ಹೇಳಿದ ಮಾತನ್ನು ಅವಳಿಗೆ ಹೇಳಿದೆ. ಹೇಳಬಾರದಿತ್ತೇನೋ. ಪಾತ್ರೆ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು, ಒಣಗಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು. ಮನೆಯಲ್ಲಿ ಈಗ ಮಾತು ಕಡಿಮೆ. ಬೀನ್ಸ್ ಬೇಯಿಸಿಟ್ಟರೆ ತಿನ್ನುತ್ತಾಳೆ, ರುಚಿ ಹೇಳುವುದಿಲ್ಲ. ಐದನೇ ವರ್ಷಕ್ಕೆ ಹೋಗ್ತೀಯಾ ತಾನೇ ಅಂದರೆ 'ನೋಡೋಣ ಅಜ್ಜಿ' ಅನ್ನುತ್ತಾಳೆ. ಅವಳ ಓರಗೆಯವರು ಪದವಿ ಸಮಾರಂಭದ ಗೌನು ಹಾಕಿ ನೋಡಿಕೊಂಡು ನಗುತ್ತಾ ಊಟದ ಕೋಣೆಗೆ ಬರುವಾಗ ನಾನು ತಟ್ಟೆಗಳ ಕಡೆ ಮುಖ ಮಾಡುತ್ತೇನೆ. ಇದಕ್ಕೆ ಕಾರಣ ನೀನಲ್ಲ ಅಂತ ಬರೆಯಲು ಕೂತೆ, ವೆಂಡೆಲ್, ಪೆನ್ನು ಓಡಲಿಲ್ಲ. ಕಾರಣ ನೀನೇ ಅಂತ ಬರೆಯಲೂ ಆಗಲಿಲ್ಲ. ಅದೇ ಶಾಲೆಯಲ್ಲಿ, ಆ ಕಿಟಕಿಯಿಂದ ನಲವತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ. ಚೀಟಿ ಕೊಟ್ಟೆಯಾ ಮಗಳೇ ಅಂತ ಒಂದು ಸಲ ಕೇಳಲಿಲ್ಲ. ಅವಳು ಬುದ್ಧಿವಂತೆ, ಎಲ್ಲ ನೋಡಿಕೊಳ್ಳುತ್ತಾಳೆ ಅಂತ ನಾವೆಲ್ಲರೂ ಅವಳ ಹೆಗಲ ಮೇಲೆ ಹಾಕಿ ಸುಮ್ಮನಿದ್ದೆವು. ನೀನು ಅವಳಿಗೆ ಕ್ಷಮಿಸು ಅಂತ ಕಾಗದ ಬರೆಯಬೇಡ, ಅದನ್ನು ಓದಿ ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳದೇ ಆಗುತ್ತದೆ.

ಹೊತ್ತು ಹೊತ್ತಿಗೆ ಉಣ್ಣು. ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ. ಪಾದ್ರಿಗಳು ನಿನ್ನ ಹೆಸರನ್ನು ಪ್ರಾರ್ಥನೆಯಲ್ಲಿ ಸೇರಿಸಿದ್ದಾರೆ, ಕ್ಲೈಡನ ಹೆಸರಿನ ನಂತರ. ದೇವರು ನಿನ್ನ ಬೆನ್ನ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ
ಆರ್ಡಿತ್ ಪ್ರಾಟರ್

ತಾ.ಕ.: ಮಂಗಳವಾರ. ಅಂಚೆಚೀಟಿ ಇಲ್ಲದೆ ಕಾಗದ ಮೇಜಿನ ಮೇಲೇ ಉಳಿದಿತ್ತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನ ಗಾಡಿ ಕೆಳಗಿನ ತಿರುವಿಗೆ ಬಂತು. ಶೆಲ್ಬಿ ನಿನ್ನೆ ಬೆಳಿಗ್ಗೆ ಹೊರಟುಹೋದಳು. ಟೆನೆಸಿಯಲ್ಲಿ ಕೋಳಿ ಕತ್ತರಿಸುವ ಕಾರ್ಖಾನೆಯಂತೆ, ಚರ್ಚಿನ ಇಬ್ಬರು ಹುಡುಗಿಯರು ಮೊದಲೇ ಅಲ್ಲಿದ್ದಾರೆ. ಶಾಲೆಗೆ ಹೋಗಿ ತಾನೇ ಹೆಸರು ತೆಗೆಸಿದ್ದಾಳೆ. ಹದಿನೆಂಟು ತುಂಬಿದೆಯಲ್ಲ, ನಮ್ಮಿಬ್ಬರ ಸಹಿಯೂ ಬೇಕಾಗಲಿಲ್ಲ. ವಿಳಾಸ ಕೇಳಿದರೆ ಕೊಡಲಿಲ್ಲ, 'ಭಾನುವಾರ ನಾಲ್ಕಕ್ಕೆ ಫೋನ್ ಮಾಡ್ತೀನಿ ಅಜ್ಜಿ, ಅದೊಂದೇ ಹೊತ್ತು ಬಿಡುವು' ಅಂದಳು. ಅದು ನಿನ್ನ ಹೊತ್ತು ಅಂತ ನಾನು ಅವಳಿಗೆ ಹೇಳಲಿಲ್ಲ. ಇನ್ನು ಮೇಲೆ ಭಾನುವಾರ ನೀನು ಮಾಡಿದಾಗ ಲೈನು ಸಿಗದಿದ್ದರೆ ಮತ್ತೆ ಮತ್ತೆ ಒತ್ತಬೇಡ, ವೆಂಡೆಲ್. ಆ ಕಡೆ ಅವಳಿರುತ್ತಾಳೆ. ಅವಳು ಇಡುವವರೆಗೂ ನಾನು ಇಡುವುದಿಲ್ಲ.